ಟಕ್ ಮೇಡಂ ಮುಂದಿನ ಸ್ಟೂಲು

"ಅಮ್ಮ, ಬೇರೆಯವರು ನುಡಿಸುವಾಗ ಟಕ್ ಮೇಡಂ ನನ್ನ ಮುಖಾನೇ ಯಾಕೆ ನೋಡ್ತಾರೆ?"

ಭಾನುವಾರ ಬೆಳಿಗ್ಗೆ. ಗುಬ್ಬಿ ಹಿಂಬಾಗಿಲ ಮೆಟ್ಟಿಲ ಮೇಲೆ, ಅಮ್ಮನ ಎರಡು ಮಂಡಿಗಳ ನಡುವೆ ಸಿಕ್ಕಿಹಾಕಿಕೊಂಡು ಕೂತಿದ್ದಳು. ಶಾಲೆಯಿಂದ ಹೇನು ಹತ್ತಿಸಿಕೊಂಡು ಬಂದಿದ್ದಳು. ಅಮ್ಮ ಸಣ್ಣ ಹಲ್ಲಿನ ಬಾಚಣಿಗೆಯನ್ನು ನೆತ್ತಿಯಿಂದ ಎಳೆದು, ಸಿಕ್ಕಿದ್ದನ್ನು ಬಿಳಿ ಕಾಗದದ ಮೇಲೆ ಕೊಡವಿ, ಉಗುರಿನಿಂದ ಒತ್ತುತ್ತಿದ್ದಳು. ಅವಳ ಕಣ್ಣಿಂದ ತಪ್ಪಿಸಿಕೊಂಡು ಹೋಗುವ ಹೇನು ಇನ್ನೂ ಹುಟ್ಟಿರಲಿಲ್ಲ.

"ನೀನು ಚೆಂದ ಇದೀಯಲ್ಲ, ಅದಕ್ಕೆ."

"ಸುಳ್ಳು. ಚೆಂದ ಅಂತ ನೋಡಿದ್ರೆ ನಗ್ತಾ ನೋಡ್ತಿದ್ರು. ಅವರು ಗಡಿಯಾರ ನೋಡೋ ಹಾಗೆ ನೋಡ್ತಾರೆ."

"ತಲೆ ಬಗ್ಗಿಸು. ಮಾತು ಜಾಸ್ತಿ ಆಯ್ತು ನಿಂದು."

ಗುಬ್ಬಿ ತಲೆ ಬಗ್ಗಿಸಿದಳು. ಎಂಟು ವರ್ಷದ ಹುಡುಗಿ. ಬಗ್ಗಿಸು ಎಂದರೆ ಬಗ್ಗಿಸುತ್ತಾಳೆ, ಆದರೆ ಕೇಳಿದ ಪ್ರಶ್ನೆಯನ್ನು ಬಿಡುವುದಿಲ್ಲ. ಅಮ್ಮನಿಗೂ ಅದು ಗೊತ್ತಿತ್ತು.

ಟಕ್ ಮೇಡಂ ಎಂದರೆ ಪಿಟೀಲು ಕಲಿಸುವವರು. ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಕೋಣೆ, ಅದರ ಆಚೆಗೆ ಒಂದು ಅಡುಗೆ ಮೂಲೆ. ಅರವತ್ತೆರಡು ವಯಸ್ಸು, ಒಣಗಿದ ಮೈ, ಬಲಗಡೆಯದಕ್ಕಿಂತ ಎರಡು ಬೆರಳು ಮೇಲಿರುವ ಎಡ ಭುಜ. ಕೂದಲು ಉದುರಿಹೋದ ಹಳೇ ಕಮಾನಿನ ಕಡ್ಡಿಯೊಂದನ್ನು ಅವರು ಸದಾ ಕೈಯಲ್ಲಿ ಹಿಡಿದಿರುತ್ತಿದ್ದರು. ಮಗು ಸ್ವರ ತಪ್ಪಿದರೆ ಆ ಕಡ್ಡಿ ಬೆರಳ ಗೆಣ್ಣಿನ ಮೇಲೆ ಬೀಳುತ್ತಿತ್ತು, ಟಕ್. ಅತ್ತರೆ ಇನ್ನೊಂದು ಟಕ್. ಮಕ್ಕಳು ಹೆಸರಿಟ್ಟದ್ದರಲ್ಲಿ ಏನೂ ತಪ್ಪಿರಲಿಲ್ಲ.

ಕೆಳಗೆ ಬೀಗದವನು ದಿನವಿಡೀ ಕೀ ಕೊರೆಯುತ್ತಿದ್ದ. ಯಂತ್ರ ಕಿರ್ರೆಂದು ಕಿರುಚಿದರೆ ಕರೆದೊಯ್ಯಲು ಮೇಲೆ ಬಂದ ತಂದೆತಾಯಿಗಳಿಗೆಲ್ಲ ಹಲ್ಲು ಜುಂ ಎನ್ನುತ್ತಿತ್ತು. ಮೇಡಂ ಮಾತ್ರ ರೆಪ್ಪೆ ಅಲುಗಿಸುತ್ತಿರಲಿಲ್ಲ. "ನೋಡಿ, ಎಂಥಾ ಏಕಾಗ್ರತೆ! ಕಲಿತರೆ ಇಂಥವರ ಹತ್ತಿರ ಕಲೀಬೇಕು" ಎಂದು ಚಪ್ಪಲಿ ಅಂಗಡಿಯವರು ಹೆಂಡತಿಗೆ ಹೇಳಿದ್ದರು.

ಸೇರಿಸುವ ದಿನ ಮೇಡಂ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಯಾಕೆ?"

"ಅಂದ್ರೆ ಮೇಡಂ?"

"ಮಗೂಗೆ ಪಿಟೀಲು ಯಾಕೆ? ನನಗೆ ಹೇಳಬೇಡಿ. ಬರೀರಿ."

ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಂದೆಯೋ ತಾಯಿಯೋ ತಮ್ಮ ಕೈಯಾರೆ ಕಾರಣ ಬರೆಯಬೇಕು. ಆ ಪುಟವನ್ನು ಹರಿಯುವ ಹಾಗಿಲ್ಲ. ಒಂದೇ ಪಾಠದಲ್ಲಿ ಮಗು ಮೂರು ಸಲ ತಪ್ಪಿದರೆ ಎದ್ದು ನಿಂತು ಆ ಪುಟವನ್ನು ಎಲ್ಲರಿಗೂ ಕೇಳಿಸುವ ಹಾಗೆ ಓದಬೇಕು. ಚಪ್ಪಲಿ ಅಂಗಡಿಯವರ ಮಗ ಗುಂಡ ದಿನಾ ಓದುತ್ತಿದ್ದ. "ಸಂಗೀತ ಕಲಿತವರು ಲೆಕ್ಕದಲ್ಲಿ ಮುಂದೆ ಬರುತ್ತಾರಂತೆ." ಬ್ಯಾಂಕಿನಮ್ಮನ ಅವಳಿ ಹೆಣ್ಣುಮಕ್ಕಳು ಇಬ್ಬರೂ ಒಟ್ಟಿಗೆ ಓದುತ್ತಿದ್ದರು. "ನಮ್ಮ ಮ್ಯಾನೇಜರ ಮಗಳು ಕಲಿಯುತ್ತಿದ್ದಾಳೆ." ಸಣಕಲು ಹುಡುಗನೊಬ್ಬನ ಅಪ್ಪ "ಚಿಕ್ಕಂದಿನಲ್ಲಿ ನನಗೆ ಆಗಲಿಲ್ಲ, ಇವನಾದರೂ ಕಲಿಯಲಿ" ಎಂದು ಬರೆದು ಕಣ್ಣು ಒರೆಸಿಕೊಂಡಿದ್ದ. ಮೇಡಂ ಅದನ್ನು ಓದಿ, "ನಿನಗೆ ಆಗಲಿಲ್ಲ ಅಂತ ಇವನ ಕತ್ತು ಯಾಕಪ್ಪ ಹಿಸುಕ್ತೀಯ?" ಎಂದಿದ್ದರು. ಹಾಗೆಂದು ಸೇರಿಸಿಕೊಳ್ಳದೆ ಬಿಡಲಿಲ್ಲ.

ಗುಬ್ಬಿಯ ಅಮ್ಮನ ಕಾರಣ ಬೇರೆ ಇತ್ತು. ಅವಳು ಔಷಧಿ ಶೀಷೆಗಳ ಕಾರ್ಖಾನೆಯಲ್ಲಿ ತಪಾಸಣೆಗೆ ಕೂರುವವಳು. ಎದುರಿಗೆ ಅರ್ಧ ಕಪ್ಪು, ಅರ್ಧ ಬಿಳಿ ಬಣ್ಣದ ಹಲಗೆ, ಮೇಲೆ ಟ್ಯೂಬ್‌ಲೈಟು. ಎರಡೆರಡು ಶೀಷೆ ಎತ್ತಿ, ತಿರುಗಿಸಿ, ಒಳಗಿನ ನೀರಿನಲ್ಲಿ ಗಾಜಿನ ಚೂರೋ ನೂಲಿನ ಎಳೆಯೋ ತೇಲುತ್ತದೆಯೇ ಎಂದು ನೋಡಬೇಕು. ಅರ್ಧ ಗಂಟೆಗೊಮ್ಮೆ ಐದು ನಿಮಿಷ ಕಣ್ಣು ಮುಚ್ಚಿ ಕೂರಬೇಕು, ಅದು ಅಲ್ಲಿಯ ನಿಯಮ. ಕಣ್ಣು ಸುಸ್ತಾದರೆ ಚೂರು ತಪ್ಪಿಹೋಗುತ್ತದೆ, ತಪ್ಪಿದ ಚೂರು ಯಾರದೋ ರಕ್ತನಾಳಕ್ಕೆ ಹೋಗುತ್ತದೆ. ಕೆಲಸ ಮುಗಿಯುವುದು ಐದೂವರೆಗೆ, ಬಸ್ಸು ಹಿಡಿದು ಬರುವಷ್ಟರಲ್ಲಿ ಆರು. ಗುಬ್ಬಿಯ ಶಾಲೆ ಬಿಡುವುದು ಮೂರೂವರೆಗೆ. ಅಪ್ಪ ದೂರದ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆ. ಅತ್ತೆ ಇರುವವರೆಗೆ ಹೇಗೋ ನಡೆಯಿತು. ಅತ್ತೆ ಕಿರಿಮಗನ ಮನೆಗೆ ಹೋದ ಮೇಲೆ ಒಂದು ತಿಂಗಳು ಎದುರುಮನೆಯವರ ಕೈಲಿ ಗುಬ್ಬಿಯನ್ನು ಒಳಗೆ ಬಿಡಿಸಿ ಹೊರಗಿನಿಂದ ಬೀಗ ಹಾಕಿಸಿದ್ದಾಯಿತು. ಹುಡುಗಿ ಕಿಟಕಿಯ ಸರಳು ಹಿಡಿದು, ಎದುರುಮನೆಯ ಬೆಕ್ಕಿನ ಜೊತೆ ಮಾತಾಡುತ್ತ ಕೂತಿರುತ್ತಿದ್ದಳು.

ಆಮೇಲೆ ಅಮ್ಮ ಊರೆಲ್ಲ ವಿಚಾರಿಸಿದಳು. ಡ್ಯಾನ್ಸ್ ಕ್ಲಾಸು ಒಂದೇ ಗಂಟೆ. ಚಿತ್ರಕಲೆ ಶನಿವಾರ ಮಾತ್ರ. ಟ್ಯೂಷನ್ನಿನವರು ಐದಕ್ಕೇ ಓಡಿಸುತ್ತಾರೆ. ವಾರಕ್ಕೆ ಐದು ದಿನ, ನಾಲ್ಕರಿಂದ ಆರು ಎಂದದ್ದು ಪಿಟೀಲು ಒಂದೇ.

ಅದನ್ನು ಬರೆಯುವುದು ಹೇಗೆ? ಅವಳು ಪೆನ್ನು ಕಚ್ಚುತ್ತ ಯೋಚಿಸಿದಳು. ತಾಯಿಯಾದವಳು ಹೆಮ್ಮೆ ಪಡುವಂಥದ್ದೇನಾದರೂ ಇರಬೇಕಲ್ಲ. ಬರೆದಳು: "ನನ್ನ ಮಗಳ ಕಿವಿ ತುಂಬಾ ಚುರುಕು. ಎಲ್ಲಿ ಅಪಸ್ವರ ಬಂದರೂ ಮುಖ ಕಿವುಚುತ್ತಾಳೆ."

ಬರೆದದ್ದು ನಿಜವೇ. ಗುಬ್ಬಿ ತೊಟ್ಟಿಲಲ್ಲಿದ್ದಾಗಲೂ ಲಾಲಿ ಹಾಡುವ ಅಜ್ಜಿ ಸ್ವರದ ದಾರಿ ತಪ್ಪಿದರೆ ಅಳುತ್ತಿದ್ದಳು.

ಮೇಡಂ ಆ ಸಾಲನ್ನು ಎರಡು ಸಲ ಓದಿದರು. ಎರಡು ಗಾಜಿನ ಲೋಟ ತಂದು, ಒಂದಕ್ಕೆ ಸ್ವಲ್ಪ ಹೆಚ್ಚು ನೀರು ಹುಯ್ದು, ಕಡ್ಡಿಯಿಂದ ಒಂದಾದ ಮೇಲೊಂದು ತಟ್ಟಿದರು. ಅವರು ಕಿವಿಗೊಡಲಿಲ್ಲ. ಗುಬ್ಬಿಯ ಮುಖವನ್ನೇ ನೋಡುತ್ತಿದ್ದರು. ಲೋಟಗಳೆರಡೂ ಒಟ್ಟಿಗೆ ನುಡಿದಾಗ ಮಗುವಿನ ಎಡಗಣ್ಣಿನ ಕೆಳಗೆ ಸಣ್ಣದೊಂದು ಸುಕ್ಕು ಮೂಡಿ ಮಾಯವಾಯಿತು.

"ನಾಳೆಯಿಂದ ಕಳಿಸಮ್ಮ" ಎಂದರು ಮೇಡಂ.

ಸಂಜೆ ಮಕ್ಕಳು ಪೆಟ್ಟಿಗೆ ಕಟ್ಟುವವರೆಗೆ ಕಾಯುವ ಹೊತ್ತಿನಲ್ಲಿ ಮೇಡಂ ಗುಬ್ಬಿಯ ಅಮ್ಮನಿಗೆ ಒಮ್ಮೊಮ್ಮೆ ತಮ್ಮ ಕಥೆ ಹೇಳುತ್ತಿದ್ದರು. ಉಳಿದದ್ದನ್ನು ಬೀಗದವನು ತುಂಬುತ್ತಿದ್ದ. ಮೇಡಮ್ಮಿನ ಅಪ್ಪ ಮನೆ ಸಾಮಾನು ಸಾಗಿಸುವ ಕೂಲಿ. ದೊಡ್ಡ ಮನೆಯವರು ಯಾರೋ ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಸಿಕ್ಕ ಪಿಟೀಲನ್ನು ಬಿಸಾಡು ಎಂದರಂತೆ. ಅವನು ಬಿಸಾಡಲಿಲ್ಲ, ಮನೆಗೆ ತಂದ. ಮನೆಯಲ್ಲಿ ಆರು ವರ್ಷದ ಮಗಳಿದ್ದಳು. ವಸ್ತು ಬಂದಿದೆ, ಇನ್ನು ಅದನ್ನು ನುಡಿಸುವವರು ಆಗಬೇಕು. ಅಷ್ಟೇ ಕಾರಣ.

"ದೊಡ್ಡವರ ಪಿಟೀಲು ಕಣಮ್ಮ ಅದು. ನನ್ನ ಕೈ ತುದಿಗೆ ಎಟುಕ್ತಾನೇ ಇರಲಿಲ್ಲ. ಅಪ್ಪ ಏನಂದ ಗೊತ್ತಾ? 'ಬೆಳೀತಾಳೆ ಬಿಡು.' ಶೂ ಒಂದು ಸೈಜು ದೊಡ್ಡದು ತರ್ತಾರಲ್ಲ, ಹಾಗೆ!" ಮೇಡಂ ನಗುತ್ತಿದ್ದರು. "ಬೆಳೆದೆ. ಪಿಟೀಲು ಹೇಗಿತ್ತೋ ಹಾಗೇ ಬೆಳೆದೆ. ಈ ಭುಜ ನೋಡು."

"ಅವರಿಗೆ ಸಂಗೀತ ಬರ್ತಿತ್ತಾ ಮೇಡಂ?"

"ಅಪ್ಪಂಗಾ? ಸ ಯಾವುದು, ಸೀನು ಯಾವುದು ಗೊತ್ತಿರಲಿಲ್ಲ. ಆದರೆ ಬುದ್ಧಿವಂತ. ಬಾಗಿಲ ಹತ್ತಿರ ಒಂದು ಬೀದಿನಾಯಿ ಮಲಗಿರೋದು. ಅದರ ಮುಖ ನೋಡ್ತಾ ಕೂರೋನು. ನಾಯಿ ಸುಮ್ಮನೆ ಮಲಗಿದ್ರೆ ನಾನು ಸರಿಯಾಗಿ ನುಡಿಸ್ತಿದೀನಿ ಅಂತ ಲೆಕ್ಕ. ಕಿವಿ ಮಡಚಿತೋ, ನನಗೆ ಏಟು."

"ಅಯ್ಯೋ ದೇವರೇ."

"ಏನು ಅಯ್ಯೋ? ಆ ನಾಯಿ ಒಂದು ಸಲಾನೂ ತಪ್ಪು ಹೇಳಲಿಲ್ಲ. ನನ್ನ ಮೊದಲ ಗುರು ಅದೇ."

"ಆಮೇಲೆ ನಾಯಿ ಏನಾಯ್ತು?"

"ಒಂದು ದಿನ ಸರಿಯಾದ ಕಲ್ಲು ಸಿಕ್ಕಿತು. ಹೊಡೆದೆ. ಕುಂಟಿಕೊಂಡು ಹೋಯ್ತು, ಮತ್ತೆ ಬರಲಿಲ್ಲ." ಮೇಡಂ ಕಮಾನಿಗೆ ರಾಳ ಉಜ್ಜುತ್ತ ಇದನ್ನು ಹೇಳಿದರು, ಹಾಲು ಒಡೆದುಹೋಯಿತು ಎನ್ನುವ ದನಿಯಲ್ಲಿ.

ಆಮೇಲೆ ದೊಡ್ಡ ನಾಟಕ ಕಂಪನಿಯೊಂದರ ವಾದ್ಯಮೇಳದಲ್ಲಿ ಇಪ್ಪತ್ತೆರಡು ವರ್ಷ. ಪಿಟೀಲಿನವರಲ್ಲಿ ಕೊನೆಯ ಸಾಲು, ಬೆನ್ನ ಹಿಂದೆಯೇ ಕಹಳೆಯವರು. ದಿನಕ್ಕೆ ಎರಡು ಆಟ. "ಮದುವೆಗೆ ಟೈಮ್ ಸಿಗಲಿಲ್ಲ, ಟೈಮ್ ಸಿಕ್ಕಾಗ ಗಂಡು ಸಿಗಲಿಲ್ಲ" ಎಂದು ಮೇಡಂ ಮುಗಿಸಿಬಿಡುತ್ತಿದ್ದರು. ಕಂಪನಿ ಯಾಕೆ ಬಿಟ್ಟಿರಿ ಎಂದು ಗುಬ್ಬಿಯ ಅಮ್ಮ ಒಮ್ಮೆ ಕೇಳಿದ್ದಳು. ಮೇಡಂ ಆಗ ಕಿಟಕಿಯ ಕಡೆ ತಿರುಗಿದ್ದರು, ಉತ್ತರ ಬರಲಿಲ್ಲ. ಹೇಳಲು ಇಷ್ಟವಿಲ್ಲ ಎಂದುಕೊಂಡು ಅವಳು ಸುಮ್ಮನಾಗಿದ್ದಳು.

ಹೇನು ತೆಗೆದ ಆ ಭಾನುವಾರದ ಮರುವಾರ ಕಾರ್ಖಾನೆಯಲ್ಲಿ ಕರೆಂಟು ಹೋಯಿತು. ಮಧ್ಯಾಹ್ನವೇ ಎಲ್ಲರನ್ನೂ ಕಳಿಸಿಬಿಟ್ಟರು. ನಾಲ್ಕೂವರೆಗೆ ಅವಳು ಬೀಗದಂಗಡಿಯ ಮೆಟ್ಟಿಲು ಹತ್ತಿದಳು.

ಮೇಡಂ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಅವರ ಎದುರಿಗೆ, ಕಿಟಕಿಯ ಬೆಳಕು ಸೀದಾ ಮುಖದ ಮೇಲೆ ಬೀಳುವ ಹಾಗೆ, ಎತ್ತರದ ಸ್ಟೂಲಿನ ಮೇಲೆ ಗುಬ್ಬಿ. ಅವಳ ಕೈಯಲ್ಲಿ ಪಿಟೀಲು ಇರಲಿಲ್ಲ, ಅದು ಮೂಲೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿತ್ತು. ಪಕ್ಕದಲ್ಲಿ ನಿಂತು ಗುಂಡ ನುಡಿಸುತ್ತಿದ್ದ.

"ಮೇಡಂ" ಎಂದಳು ಗುಬ್ಬಿಯ ಅಮ್ಮ. ಮೇಡಂ ತಿರುಗಲಿಲ್ಲ.

"ಮೇಡಂ, ಒಂದು ನಿಮಿಷ."

ಗುಂಡ ತಿರುಗಿ ನೋಡಿದ. ಅವಳಿಗಳು ತಿರುಗಿ ನೋಡಿದರು.

"ಮೇಡಂ!" ಈ ಸಲ ಕೆಳಗಿನ ಬೀಗದವನಿಗೂ ಕೇಳಿಸಿರಬೇಕು.

ಮೇಡಂ ಗುಬ್ಬಿಯ ಮುಖ ನೋಡುತ್ತಲೇ ಇದ್ದರು. ಗುಂಡ ಗಾಬರಿಯಲ್ಲಿ ಬೆರಳು ಜಾರಿಸಿದ. ಗುಬ್ಬಿಯ ಎಡಗಣ್ಣಿನ ಕೆಳಗೆ ಸುಕ್ಕು ಮೂಡಿತು. ಅದೇ ಕ್ಷಣ ಮೇಡಮ್ಮಿನ ಕಡ್ಡಿ ಗುಂಡನ ಗೆಣ್ಣಿನ ಮೇಲಿತ್ತು. ಟಕ್. ಗುಂಡ ಮೇಡಂ ಮೇಲೆ ಸಿಟ್ಟಾಗಲಿಲ್ಲ. ಅವನು ಗುಬ್ಬಿಯನ್ನು ದುರುಗುಟ್ಟಿಕೊಂಡು ನೋಡಿದ.

ಗುಬ್ಬಿಯ ಅಮ್ಮ ಬಾಗಿಲಲ್ಲೇ ನಿಂತು ಲೆಕ್ಕ ಹಾಕಿದಳು. ಹನ್ನೊಂದು ತಿಂಗಳಿಂದ ತನ್ನ ಮಗಳು ಇಲ್ಲಿ ಕಲಿಯುತ್ತಿಲ್ಲ, ಇನ್ನೊಬ್ಬರ ಕಿವಿಯಾಗಿ ಕೂತಿದ್ದಾಳೆ. ಹನ್ನೊಂದು ತಿಂಗಳಿಗೆ ಎರಡೇ ಪಾಠ ಆಗಿದ್ದು ಯಾಕೆ, ಸೇರಿಸುವ ದಿನ ಕಾರಣವನ್ನು ಬರೆದೇ ಕೊಡಬೇಕಾಗಿದ್ದು ಯಾಕೆ, ಎಲ್ಲ ಒಂದೇ ಏಟಿಗೆ ತಿಳಿಯಿತು. ಬಾಗಿಲ ಬಳಿ ಮಲಗಿದ್ದ ಆ ನಾಯಿಯೂ ನೆನಪಾಯಿತು.

ಒಳಗೆ ನುಗ್ಗಿ ಮಗಳ ಕೈ ಹಿಡಿದು ಎಳೆದುಕೊಂಡು ಬರಬೇಕಿತ್ತು. ಬೇರೆ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರೇನೋ. ಅವಳು ಗುಬ್ಬಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿ, ಸದ್ದಿಲ್ಲದೆ ಮೆಟ್ಟಿಲಿಳಿದಳು. ಸದ್ದಿಲ್ಲದೆ ಇಳಿಯಬೇಕಾದ ಅಗತ್ಯವಿಲ್ಲ ಎಂದು ಹೊಳೆದದ್ದು ಕೊನೆಯ ಮೆಟ್ಟಿಲಿನಲ್ಲಿ. ಬಾಯಿ ಬಿಟ್ಟರೆ ಕ್ಲಾಸು ಹೋಗುತ್ತದೆ. ಕ್ಲಾಸು ಹೋದರೆ ನಾಲ್ಕರಿಂದ ಆರು ಹೋಗುತ್ತದೆ. ಬೀಗದಂಗಡಿಯ ಬೆಂಚಿನ ಮೇಲೆ ಆರರವರೆಗೆ ಕೂತಿದ್ದು, ದಿನದಂತೆ ಮೇಲೆ ಹೋಗಿ ಮಗಳನ್ನು ಕರೆದುಕೊಂಡು ಬಂದಳು.

"ಬೇಗ ಬಂದ್ಯಾ?" ಎಂದು ಬೆಂಚಿನ ಮೇಲೆ ಕೂತಾಗಲೇ ಬೀಗದವನು ಕೇಳಿದ್ದ.

"ಹೂಂ. ಕಾಲು ನೋವು."

ಅವತ್ತು ಸ್ನಾನ ಮಾಡಿಸುವಾಗ ಗುಬ್ಬಿಯ ತೋಳಿನ ಮೇಲೆ ಐದಾರು ಕಡೆ ಹಸಿರು ಮಚ್ಚೆಗಳಿದ್ದವು. ಚಿವುಟಿದ್ದು.

"ಯಾರು?"

"ಎಲ್ಲರೂ. ನನ್ನನ್ನ ಚಾಡಿಮುಖ ಅಂತಾರೆ. ನಾನೇನೂ ಹೇಳಲ್ಲ ಅಮ್ಮ. ಮುಖ ತಾನೇ ಹಾಗಾಗತ್ತೆ. ಆಮೇಲೆ ಅವರಿಗೆ ಟಕ್ ಬೀಳತ್ತೆ. ಮೊನ್ನೆ ನನ್ನ ಒಂದು ಶೂ ಚರಂಡಿಗೆ ಹಾಕಿದ್ರು."

"ಅದು ಬಸ್ಸಲ್ಲಿ ಕಳೆದುಹೋಯ್ತು ಅಂದಿದ್ದೆ?"

"ನೀನು ಬೈತೀಯ ಅಂತ."

ಅವಳು ಮಗಳನ್ನು ಒದ್ದೆ ಮೈಯಲ್ಲೇ ಅಪ್ಪಿಕೊಂಡಳು. ಮುತ್ತಿಟ್ಟಳು. ಮಚ್ಚೆಗಳ ಮೇಲೆ ಕೊಬ್ಬರಿ ಎಣ್ಣೆ ಸವರಿದಳು. ಮತ್ತೆ, ಕೆಟ್ಟ ಶೀಷೆಯನ್ನು ಎತ್ತಿ ಪಕ್ಕದ ತಟ್ಟೆಗೆ ಇಡುವಷ್ಟೇ ಸಲೀಸಾಗಿ, ಒಂದು ಉಪಾಯ ಹೂಡಿದಳು.

"ಗುಬ್ಬಿ, ನಿನ್ನ ಮುಖಕ್ಕೆ ಪಾಠ ಕಲಿಸೋಣವಾ?"

ಊಟದ ಮೇಜಿನ ಮೇಲೆ ಸ್ಟೀಲ್ ತಟ್ಟೆ ಬೋರಲು ಹಾಕಿದಳು. ಚಾಕುವಿನ ತುದಿಯಿಂದ ಕೆರೆದಳು. ಕಿರ್ರ್. ಗುಬ್ಬಿಯ ಮುಖ ನಿಂಬೆಹಣ್ಣು ಹಿಂಡಿದಂತೆ ಮುದುಡಿತು.

"ಊಹೂಂ. ಇನ್ನೊಂದು ಸಲ. ಉಸಿರು ಹಿಡಿದುಕೋ. ಬೇರೆ ಏನಾದರೂ ನೆನೆಸಿಕೋ."

"ಏನು ನೆನೆಸಿಕೊಳ್ಳಲಿ?"

"ಎದುರುಮನೆ ಬೆಕ್ಕು."

ದಿನಾ ಊಟಕ್ಕೆ ಮುಂಚೆ ಹತ್ತು ನಿಮಿಷ. ಮುಖ ಅಲುಗದಿದ್ದರೆ ಒಂದು ಪೆಪ್ಪರ್‌ಮೆಂಟು. ಮೊದಲೆರಡು ದಿನ ಹುಡುಗಿಯ ಕಣ್ಣಲ್ಲಿ ನೀರು ಬಂತು. ಮೂರನೆಯ ದಿನ ಅವಳೇ ತಟ್ಟೆ ತಂದಿಟ್ಟು, "ಅಮ್ಮ, ಕೆರಿ" ಎಂದಳು. ಹತ್ತನೆಯ ದಿನಕ್ಕೆ ಚಾಕು ಎಷ್ಟೇ ಒತ್ತಿ ಎಳೆದರೂ ಗುಬ್ಬಿ ನಗುತ್ತ ಕೂತಿರುತ್ತಿದ್ದಳು. ಮೇಜಿನ ಕೆಳಗೆ ಕಾಲ್ಬೆರಳು ಮಡಚಿಕೊಳ್ಳುವುದು, ಲಂಗದ ತುದಿಯನ್ನು ಮುಷ್ಟಿಯಲ್ಲಿ ಹಿಂಡುವುದು ಅಮ್ಮನಿಗೆ ಮಾತ್ರ ಕಾಣುತ್ತಿತ್ತು.

"ಜಾಣೆ ನನ್ನ ಬಂಗಾರ" ಎಂದು ಅವಳು ಪೂರ್ತಿ ಪೆಪ್ಪರ್‌ಮೆಂಟ್ ಪೊಟ್ಟಣವನ್ನೇ ಕೊಟ್ಟಳು.

ಕ್ಲಾಸಿನಲ್ಲಿ ಶಾಂತಿ ನೆಲೆಸಿತು. ಮೂರು ವಾರ ಯಾರಿಗೂ ಟಕ್ ಇಲ್ಲ, ಯಾರೂ ಮೊದಲ ಪುಟ ಓದಲಿಲ್ಲ. ಗುಂಡ ಗುಬ್ಬಿಗೆ ಅರ್ಧ ಬಿಸ್ಕತ್ತು ಕೊಟ್ಟ. ಮೇಡಂ ಹಿಗ್ಗಿ ಹೀರೇಕಾಯಿ ಆದರು. "ಈ ಸಲ ನಾಲ್ಕು ಜನಾನೂ ಪರೀಕ್ಷೆಗೆ ಕಟ್ಟಿಸ್ತೀನಿ. ಇಷ್ಟು ವರ್ಷದಲ್ಲಿ ಇಂಥ ಬ್ಯಾಚು ಬಂದಿರಲಿಲ್ಲ" ಎಂದು ಮೆಟ್ಟಿಲ ಬಳಿ ಸಿಕ್ಕವರಿಗೆಲ್ಲ ಹೇಳಿದರು.

"ಗುಬ್ಬಿ ಕೂಡ ಕಟ್ತಾಳಾ ಮೇಡಂ?" ಎಂದು ಅಮ್ಮ ಮುಖಕ್ಕೆ ಮುಖ ಕೊಟ್ಟು, ತುಟಿ ಬಿಡಿಸಿ ಕೇಳಿದಳು.

"ಅವಳಿಗೆ ಇನ್ನೂ ಟೈಮಿದೆ. ಆದರೆ ಕರೆದುಕೊಂಡು ಬಾ. ಅವಳು ಇದ್ರೆ ನನಗೆ ಕೈ ಓಡತ್ತೆ."

ಪರೀಕ್ಷೆ ಶಾಲೆಯೊಂದರ ಸಭಾಂಗಣದಲ್ಲಿ. ಹೊರಗಿನ ಕಾರಿಡಾರಿನಲ್ಲಿ ತಂದೆತಾಯಿಗಳು ಇಸ್ತ್ರಿ ಬಟ್ಟೆಯಲ್ಲಿ ನಿಂತಿದ್ದರು. ಮೇಡಂ ತಮ್ಮ ಕೋಣೆಯ ಸ್ಟೂಲನ್ನೇ ಬೀಗದವನ ಕೈಲಿ ಹೊರಿಸಿ ತಂದಿದ್ದರು. ಗುಬ್ಬಿಯನ್ನು ಅದರ ಮೇಲೆ ಕೂರಿಸಿ, ಒಂದೊಂದೇ ಪಿಟೀಲು ತೊಡೆಯ ಮೇಲಿಟ್ಟು ಬಿರಡೆ ತಿರುಗಿಸತೊಡಗಿದರು. ಬ್ಯಾಂಕಿನಮ್ಮ ತನ್ನ ಫೋನು ಮುಂದೆ ಚಾಚಿದಳು. "ಮೇಡಂ, ಇದರಲ್ಲಿ ಶ್ರುತಿ ತೋರಿಸೋ ಆ್ಯಪ್ ಇದೆ."

"ಅದೆಲ್ಲ ಕಿವಿ ಇಲ್ಲದವರಿಗೆ" ಎಂದು ಮೇಡಂ ಅವಳ ಕೈಯನ್ನು ಪಕ್ಕಕ್ಕೆ ಸರಿಸಿದರು.

ತಂತಿ ಮೀಟುವುದು, ಗುಬ್ಬಿಯ ಮುಖ ನೋಡುವುದು. ಬಿರಡೆ ತಿರುಗಿಸುವುದು, ಗುಬ್ಬಿಯ ಮುಖ ನೋಡುವುದು. ಗುಬ್ಬಿ ಎಲ್ಲದಕ್ಕೂ ನಗುತ್ತಿದ್ದಳು. ಎರಡನೆಯ ಪಿಟೀಲಿಗೆ ಅಮ್ಮ ಮಗಳ ಕಾಲು ನೋಡಿದಳು. ಶೂ ಒಳಗೆ ಬೆರಳು ಮಡಚಿಕೊಂಡು ತೊಗಲು ಉಬ್ಬಿತ್ತು. ಲಂಗ ಮುಷ್ಟಿಯಲ್ಲಿತ್ತು. ಶ್ರುತಿ ಸೇರುತ್ತಿಲ್ಲ ಎಂದು ಆಗ ಅವಳಿಗೆ ಗೊತ್ತಾಯಿತು. ಇನ್ನೂ ಹತ್ತು ನಿಮಿಷ ಇತ್ತು. ಒಂದು ಮಾತು ಸಾಕಿತ್ತು. ಅಷ್ಟೇನೂ ಕೆಟ್ಟಿರಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅವಳು ಮಗಳ ಕೆದರಿದ ಕೂದಲು ಸರಿಮಾಡಿದಳು.

ಗುಂಡ ಮೊದಲು ಒಳಗೆ ಹೋದ. ಬಾಗಿಲು ತೆರೆದೇ ಇತ್ತು. ನಾಲ್ಕು ಸ್ವರ ನುಡಿಸುವಷ್ಟರಲ್ಲಿ ಪರೀಕ್ಷಕರು ಕೈಯೆತ್ತಿದರು. ಪಿಟೀಲನ್ನು ಕಸಿದುಕೊಂಡು ತಂತಿ ಮೀಟಿದರು. ಅವರ ಮುಖ ಗುಬ್ಬಿಯ ಹಳೆಯ ಮುಖದ ಹಾಗೆ ಮುದುಡಿತು.

"ಇದಕ್ಕೆ ಶ್ರುತಿ ಮಾಡಿದ್ದು ಯಾರು?"

"ಮೇಡಂ" ಎಂದ ಗುಂಡ.

ಅವರೇ ಸರಿಮಾಡಿ ವಾಪಸ್ಸು ಕೊಟ್ಟರು. ಉಪಯೋಗವಾಗಲಿಲ್ಲ. ಮೂರು ವಾರದಿಂದ ಯಾರೂ ತಿದ್ದದ ಬೆರಳುಗಳು ತಪ್ಪು ಜಾಗದಲ್ಲೇ ಗಟ್ಟಿಯಾಗಿ ಕೂತುಬಿಟ್ಟಿದ್ದವು. ಗುಂಡ ಆದ ಮೇಲೆ ಅವಳಿಗಳು, ಅವಳಿಗಳು ಆದ ಮೇಲೆ ಸಣಕಲು ಹುಡುಗ. ನಾಲ್ಕೂ ಗೋತಾ. ಪರೀಕ್ಷಕರು ಬಾಗಿಲಿಗೆ ಬಂದರು. ದಪ್ಪ ಮೀಸೆ ತುಟಿಯನ್ನು ಪೂರ್ತಿ ಮುಚ್ಚಿತ್ತು. ಮಕ್ಕಳೆದುರು ಎಂದು ದನಿ ತಗ್ಗಿಸಿ, "ನಿಮಗೆ ನಾಚಿಕೆ ಆಗಬೇಕು" ಎಂದರು.

ಮೇಡಂ ಕೈ ಮುಗಿದು ತಲೆಬಾಗಿದರು. "ಎಲ್ಲ ತಮ್ಮ ಆಶೀರ್ವಾದ ಸರ್."

ಚಪ್ಪಲಿ ಅಂಗಡಿಯವರ ಮುಖದಲ್ಲಿ ಏನೋ ಹೊಳೆಯಿತು. ಮೇಡಂ ಕೂತು ಪಿಟೀಲುಗಳನ್ನು ಪೆಟ್ಟಿಗೆಗೆ ಹಾಕತೊಡಗಿದಾಗ ಅವರು ಮೆಲ್ಲಗೆ ಹಿಂದೆ ಹೋಗಿ ನಿಂತರು.

"ಮೇಡಂ."

ಮೇಡಂ ಬಟ್ಟೆಯಿಂದ ರಾಳದ ಪುಡಿ ಒರೆಸುತ್ತಿದ್ದರು.

"ಮೇಡಂ, ನಿಮ್ಮ ಬೆನ್ನಿಗೆ ಬೆಂಕಿ ಹತ್ತಿದೆ."

ಮೇಡಂ ಪೆಟ್ಟಿಗೆಯ ಕೊಂಡಿ ಹಾಕಿದರು. ಬ್ಯಾಂಕಿನಮ್ಮ ಕಿಸಕ್ಕನೆ ನಕ್ಕಳು. "ಏ ಕಿವುಡಿ!" ಎಂದರು ಚಪ್ಪಲಿ ಅಂಗಡಿಯವರು, ಜೋರಾಗಿ ಚಪ್ಪಾಳೆ ತಟ್ಟುತ್ತ. "ನಮ್ಮ ಏಕಾಗ್ರತೆ ಮೇಡಂ! ಲೇ ಗುಂಡ, ಬಾ, ನೀನೂ ಬೈಯಿ. ವರ್ಷವಿಡೀ ಹೊಡೆಸಿಕೊಂಡಿದ್ದೀಯ, ಈಗ ಫ್ರೀ." ಗುಂಡ ಬೈದ. ಅವಳಿಗಳು ಬೈದರು. ಎಲ್ಲರೂ ನಕ್ಕರು. ಮೇಡಂ ತಲೆಬಗ್ಗಿಸಿಕೊಂಡು ಕಮಾನುಗಳನ್ನು ಜೋಡಿಸುತ್ತಲೇ ಇದ್ದರು. ಅಷ್ಟು ಬೈಗುಳದ ನಡುವೆ ಅಷ್ಟು ನೆಮ್ಮದಿಯ ಮುಖ. ಗುಬ್ಬಿಯ ಅಮ್ಮನಿಗೂ ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ, ನಕ್ಕೇಬಿಟ್ಟಳು.

ಸ್ಟೂಲಿನ ಮೇಲೆ ಕೂತಿದ್ದ ಗುಬ್ಬಿಯ ಮುಖ ಆಗ ಒಡೆಯಿತು. ಚಾಕು ತಟ್ಟೆಗೆ ಅಲುಗದ ಮುಖ ಅಮ್ಮನ ನಗುವಿಗೆ ಚೂರುಚೂರಾಯಿತು.

ಮೇಡಂ ಅಭ್ಯಾಸಬಲದಿಂದ ತಲೆಯೆತ್ತಿ ಗುಬ್ಬಿಯನ್ನು ನೋಡಿದರು. ನೋಡಿ, ಏನೋ ತಪ್ಪಾಗಿದೆ ಎಂದು ಅವರಿಗೆ ತಿಳಿಯಿತು. ಕೈ ತಾನಾಗಿಯೇ ಕಡ್ಡಿಗೆ ಹೋಯಿತು. ಆದರೆ ಯಾರೂ ನುಡಿಸುತ್ತಿರಲಿಲ್ಲ. ಅವರು ನಿಧಾನವಾಗಿ ಹಿಂದೆ ತಿರುಗಿದರು. ಬಾಯಿ ತೆರೆದ ಮುಖಗಳ ಒಂದು ಸಾಲು. ಆ ಸಾಲಿನ ಕೊನೆಯಲ್ಲಿ ಗುಬ್ಬಿಯ ಅಮ್ಮ. ಮೇಡಮ್ಮಿನ ಕಣ್ಣು ಅವಳ ಮೇಲೆ ನಿಂತಿತು.

ಯಾರೂ ಸ್ಟೂಲು ಹೊರಲಿಲ್ಲ. ಮೇಡಂ ಅದನ್ನು ತಾವೇ, ಮೇಲಿರುವ ಆ ಎಡ ಭುಜಕ್ಕೆ ಸಿಕ್ಕಿಸಿಕೊಂಡು, ಬಿಸಿಲಿನಲ್ಲಿ ನಡೆದುಕೊಂಡು ಹೋದರು.

ಮುಂದಿನ ವಾರ ಗುಬ್ಬಿ ಮತ್ತೆ ಬೀಗದ ಹಿಂದೆ, ಕಿಟಕಿಯ ಸರಳಿನ ಹಿಂದೆ. ಕಾರ್ಖಾನೆಯಲ್ಲಿ ಹೊಸ ಆರ್ಡರು ಬಂದು ಕೆಲಸ ಆರರವರೆಗೆ ಎಳೆಯಿತು, ಮನೆ ಸೇರುವಾಗ ಆರೂವರೆ. ಗುರುವಾರ ಹುಡುಗಿ ತಡೆಯಲಾರದೆ ಕೋಣೆಯ ಮೂಲೆಯಲ್ಲೇ ಒಂದಕ್ಕೆ ಹೋಗಿಕೊಂಡು, ಒರೆಸಿ, ಒದ್ದೆ ಬಟ್ಟೆಯನ್ನು ಮಂಚದಡಿ ಬಚ್ಚಿಟ್ಟಿದ್ದಳು. ಬಚ್ಚಲಿನ ಬಾಗಿಲು ಹೊರಗಿನ ಓಣಿಗಿತ್ತು. ಅದು ಅಮ್ಮನಿಗೆ ನೆನಪೇ ಆಗಿರಲಿಲ್ಲ.

ಶನಿವಾರ ಅವಳು ಬೀಗದಂಗಡಿಯ ಮೆಟ್ಟಿಲು ಹತ್ತಿದಳು. ಕೋಣೆಯಲ್ಲಿ ಮೇಡಂ ಒಬ್ಬರೇ. ಕಿಟಕಿಯೆದುರು ಆ ಸ್ಟೂಲು ಹಳೇ ಜಾಗದಲ್ಲೇ ಇತ್ತು.

"ಕೂತ್ಕೋ. ಬರೆದು ಕೇಳು. ಇನ್ನು ನಾಟಕ ಯಾಕೆ?" ಮೇಡಂ ಒಂದು ನೋಟ್‌ಬುಕ್ಕು, ಪೆನ್ಸಿಲು ಮುಂದಿಟ್ಟರು.

ಅವಳು ಬರೆದಳು: "ಕ್ಲಾಸು ಇದೆಯಾ?"

ಮೇಡಂ ನಕ್ಕರು. "ಕ್ಷಮಿಸಿ ಅಂತ ಬರೀತೀಯ ಅಂದುಕೊಂಡಿದ್ದೆ. ಇರಲಿ. ಈ ಬೀದಿಯವರು ಯಾರೂ ಬರಲ್ಲ. ಮುಂದಿನ ತಿಂಗಳು ಹೊಳೆಯಾಚೆಯಿಂದ ಮೂರು ಮಕ್ಕಳು ಬರ್ತಾರೆ. ಅವರಿಗೆ ಸುದ್ದಿ ಮುಟ್ಟಿಲ್ಲ." ಅವರು ಗುಬ್ಬಿಯ ನೋಟ್‌ಬುಕ್ಕಿನ ಮೊದಲ ಪುಟ ತೆರೆದು ಅವಳ ಕಡೆ ತಿರುಗಿಸಿದರು. ಅವಳದೇ ದುಂಡಗಿನ ಅಕ್ಷರ. "ಇದು ಕಾರಣ ಅಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ಬಾಗಿಲಲ್ಲಿ ನಿಂತು ಮೊದಲು ಕೇಳಿದ್ದೇ 'ಆರರವರೆಗೆ ಇರ್ತೀರಲ್ವಾ' ಅಂತ. ತುಟಿ ಓದೋಕೆ ಬರತ್ತೆ ನನಗೆ. ಬೇರೆಯವರೆಲ್ಲ ಮಕ್ಕಳನ್ನ ಯಾಕೆ ತಂದುಬಿಟ್ಟರು ಅಂತ ಅವರಿಗೇ ಗೊತ್ತಿಲ್ಲ. ನಿನಗೆ ಗೊತ್ತಿತ್ತು. ನಾನೂ ಕೇಳಲಿಲ್ಲ. ನೀನು ಎರಡು ಗಂಟೆ ತಗೊಂಡೆ, ನಾನು ಒಂದು ಮುಖ ತಗೊಂಡೆ."

ಅವಳು ಪೆನ್ಸಿಲನ್ನು ಕೆಳಗಿಟ್ಟಳು. ಕೆಳಗೆ ಕೀ ಯಂತ್ರ ಕಿರುಚಿತು. ಒಬ್ಬಳಿಗೆ ಮಾತ್ರ ಹಲ್ಲು ಜುಂ ಎಂದಿತು.

"ಚಾಕು, ತಟ್ಟೆ. ಎಲ್ಲ ಹೇಳಿದ್ದಾಳೆ ನಿನ್ನ ಮ‍ಗಳು. ಪರೀಕ್ಷೆ ದಿನ, ನೀವೆಲ್ಲ ಇನ್ನೂ ಕಾರಿಡಾರಿನಲ್ಲಿ ನಿಂತಿದ್ದಾಗ ಗೇಟಿನ ಹತ್ತಿರ ಓಡಿ ಬಂದು, ನನ್ನ ಕೈ ಹಿಡಿದು, ಬಾಯಿ ದೊಡ್ಡದಾಗಿ ತೆಗೆದು ತೆಗೆದು ಹೇಳಿತು ಪಾಪ. 'ನಾನು ಬೇಕು ಅಂತ ಮಾಡಿಲ್ಲ ಮೇಡಂ, ಅಮ್ಮ ಕಲಿಸಿದ್ದು' ಅಂತ."

ಮೇಡಂ ಎದ್ದು ಸ್ಟೂಲಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. ಮತ್ತೆ ಬಂದು ಅವಳ ಎದುರಿಗೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತರು. ದನಿ ಮೊದಲ ಸಲ ಮೆತ್ತಗಾಗಿತ್ತು.

"ಒಂದು ಉಪಕಾರ ಮಾಡಮ್ಮ. ಅವಳ ಮುಖ ಮೊದಲಿನ ಹಾಗೆ ಮಾಡಿ ಕಳಿಸು. ನೀನು ಕಲಿಸಿದ್ದು, ನೀನೇ ಬಿಡಿಸು. ಮತ್ತೆ ಹದಿನೈದು ದಿನ ತಟ್ಟೆ ಕೆರಿ, ಮುಖ ಗಟ್ಟಿ ಮಾಡಿಕೊಂಡರೆ ಗೆಣ್ಣಿನ ಮೇಲೆ ಒಂದು ಕೊಡು. ಸುಕ್ಕು ತಾನೇ ಬರತ್ತೆ. ಈ ಸಲ ಆರೂವರೆವರೆಗೂ ಇಟ್ಕೋತೀನಿ."